ತೌಡಿಯ ಕೊರಳಿನ ಗಂಟು

ಹೋದ ಚಳಿಗಾಲದಲ್ಲಿ ಮೈಸೂರಿನ ಕಡೆಯಿಂದ ಬಂದಿದ್ದ ನೆಂಟರಿಗೆ ಹಂಪಿ ತೋರಿಸಲು ಹೋಗಿದ್ದೆ. ಕಮಲಾಪುರದ ದಾರಿಯಲ್ಲಿ, ತುರ್ತಾ ಕಾಲುವೆಯ ಆಚೆ ದಂಡೆಗೆ, ಒಂದು ಪುಟ್ಟ ಮಂಟಪವಿದೆ. ಅದನ್ನು ನೋಡಲೆಂದು ಯಾರೂ ಬರುವುದಿಲ್ಲ. ನಾವೂ ನೆರಳಿಗೆಂದು ನಿಂತವರು. ಸುಮ್ಮನೆ ನಿಲ್ಲಲಾರದ ಗೈಡು ಕೈಯಲ್ಲಿದ್ದ ಕೋಲನ್ನು ಮೇಲಕ್ಕೆತ್ತಿ ಚಪ್ಪಡಿಯ ಕಪ್ಪನ್ನು ತೋರಿಸಿದ.

"ನೋಡ್ರಿ, ಪಟ್ಟಣಕ್ಕ ಬೆಂಕಿ ಹಚ್ಚಿದಾಗ ಹತ್ತಿದ ಹೊಗಿ ಇದು. ಇಷ್ಟು ವರ್ಷ ಆತು, ಇನ್ನಾ ಹೋಗಿಲ್ಲ."

ನೆಂಟರು ಕುತ್ತಿಗೆ ಎತ್ತಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

"ತಮ್ಮಾ, ಅದು ನಮ್ಮ ದೊಡ್ಡವ್ವನ ಒಲಿ ಮಸಿ," ಅಂದೆ.

"ಅಜ್ಜಾರ ಭಾಳ ಚಾಷ್ಟಿ ಮಾಡ್ತೀರಿ ಬಿಡ್ರಿ," ಅಂದು ಆತ ನೆಂಟರನ್ನು ಮುಂದಕ್ಕೆ ಕರೆದುಕೊಂಡು ಹೋದ.

ನಾನು ಅಲ್ಲೇ ಉಳಿದೆ. ಬಾವಲಿಯ ವಾಸನೆ, ತಣ್ಣಗಿನ ಕಲ್ಲಿನ ವಾಸನೆ, ಕಾಲುವೆಯ ಕೆಸರಿನ ವಾಸನೆ. ಅಷ್ಟರಲ್ಲಿ ಪಕ್ಕದ ಬಾಳೆತೋಟದಲ್ಲಿ ಯಾರೋ ಬೇವಿನ ಸೊಪ್ಪು ಸುಟ್ಟರು. ಹೊಗೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ತಾನೇ ಎದ್ದು ದವಡೆಯ ಕೆಳಗೆ ಹೋಗಿ ಒತ್ತಿ ನೋಡಿತು. ಮುದುಕನಾದೆ, ಆ ಕಾಯಿಲೆ ಈ ನೆಲದಿಂದ ಹೋಗಿ ಒಂದು ಕಾಲವಾಯಿತು. ಬೇವಿನ ಹೊಗೆ ಬಂದರೆ ನನ್ನ ಕೈ ಇನ್ನೂ ಹಾಗೇ ಮಾಡುತ್ತದೆ.

ನಾನು ಆಗ ಅನಂತಪುರದಲ್ಲಿ ಇಂಟರ್ ಓದುತ್ತಿದ್ದೆ. ಕ್ರಿಸ್‌ಮಸ್ ರಜೆಗೆಂದು ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಪ್ಲಾಟ್‌ಫಾರಂ ಬಣಗುಟ್ಟುತ್ತಿತ್ತು. ಹೊರಗೆ ನಮ್ಮ ಅಪ್ಪ ಎತ್ತಿನ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರು ನನ್ನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬಂದದ್ದೇ ಅದು ಮೊದಲು.

"ಊರಾಗ ಕಾಲು ಇಡಬ್ಯಾಡ. ಇಲಿ ಬಿದ್ದಾವ," ಅಂದರು.

ನಮ್ಮ ಕಡೆ ಅಷ್ಟು ಹೇಳಿದರೆ ಸಾಕಿತ್ತು. ಮನೆಯ ಜಂತಿಯಿಂದ ಇಲಿ ಉದುರಿ ಸತ್ತರೆ ಅದರ ಹಿಂದೆಯೇ ಮನುಷ್ಯರ ಸರದಿ. ಅದರಲ್ಲೂ ಮೊದಲು ಬೀಳುವುದು ಧಾನ್ಯದ ಅಂಗಡಿಗಳಲ್ಲಿ, ಮತ್ತು ನಮ್ಮದು ಧಾನ್ಯದ ಅಂಗಡಿ. ಅಪ್ಪ ಬೀಗ ಹಾಕಿ, ಬೇಕಾದಷ್ಟು ಜೋಳ ಅಕ್ಕಿ ಪಾತ್ರೆ ಹೇರಿಕೊಂಡು, ಓಣಿಯ ಕೆಲವು ಮನೆಯವರ ಜೊತೆ ಹಂಪಿಗೆ ಬಂದು ಇಳಿದುಬಿಟ್ಟಿದ್ದರು. ಬೇರೆಯವರು ಊರ ಹೊರಗೆ ತಟ್ಟಿ ಕಟ್ಟಿ ಗುಡಿಸಲು ಹಾಕಿಕೊಂಡರೆ, ನಮ್ಮವರ ಲೆಕ್ಕಾಚಾರ ಬೇರೆ. ಕಲ್ಲಿನ ನೆಲದಲ್ಲಿ ಇಲಿ ಬಿಲ ತೋಡುವುದಿಲ್ಲ. ಹೀಗೆ ಒಂದು ದೊಡ್ಡ ಮಂಟಪದಲ್ಲಿ ಕಂಬದಿಂದ ಕಂಬಕ್ಕೆ ಸೀರೆ ಕಟ್ಟಿ ಮನೆಗಳಾದವು. ಒಂದು ಸೀರೆಯ ಈಚೆ ನಾವು, ಆಚೆ ಬೆಲ್ಲದ ವ್ಯಾಪಾರಿ ಕೊಟ್ರಪ್ಪನ ಸಂಸಾರ. ಆತ ಕಂಪ್ಲಿಯಿಂದ ಗಾಡಿಗಟ್ಟಲೆ ಬೆಲ್ಲ ತಂದು ಹೊಸಪೇಟೆಯಲ್ಲಿ ಮಾರುವವನು. ಮಂಟಪಕ್ಕೆ ತಾನೇ ಯಜಮಾನ ಎಂದು ಯಾರೂ ಹೇಳದೆ ತಾನೇ ತಿಳಿದುಕೊಂಡಿದ್ದ.

ನಮ್ಮ ಮನೆಯಲ್ಲಿ ಇದ್ದದ್ದು ನಾನು, ಅಪ್ಪ, ದೊಡ್ಡವ್ವ. ದೊಡ್ಡವ್ವ ಎಂದರೆ ತೀರಿಹೋದ ನನ್ನ ದೊಡ್ಡಪ್ಪನ ಹೆಂಡತಿ ಹಂಪವ್ವ. ನಾನು ನಡೆಯಲು ಕಲಿಯುತ್ತಿದ್ದಾಗ ಇದೇ ಬೇನೆ ಊರಿಗೆ ಬಂದಿತ್ತು. ನನ್ನ ತಾಯಿಯ ಕಂಕುಳಲ್ಲಿ ಗಂಟು ಎದ್ದು, ಅವಳು ಹೋದಳು. ಅಂದಿನಿಂದ ನನ್ನನ್ನು ಸಾಕಿದವಳು ದೊಡ್ಡವ್ವ.

ಅಂದಿನಿಂದಲೇ ನಮ್ಮ ಮನೆಯಲ್ಲಿ 'ಗಂಟು' ಎನ್ನುವ ಮಾತು ಸತ್ತುಹೋಯಿತು. ಬಟ್ಟೆಯ ಗಂಟಿಗೆ ಮೂಟೆ ಎನ್ನುತ್ತಿದ್ದೆವು. ಹಗ್ಗದ ಗಂಟಿಗೆ ಬಿಗಿ. ಗಂಟೆ ಎಷ್ಟು ಎಂದು ಕೇಳುವುದಕ್ಕೂ ದೊಡ್ಡವ್ವ ಹಿಂಜರಿದು, "ಹೊತ್ತೆಷ್ಟಾತು?" ಅನ್ನುತ್ತಿದ್ದಳು. ಚೀಲದ ಬಾಯಿ ಕಟ್ಟುವುದೇ ಕಸುಬಾದ ಅಂಗಡಿಯಲ್ಲಿ ಅಪ್ಪ ಆ ಪದ ಬಾಯಿಗೆ ತಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಓಣಿಯಲ್ಲೂ ಹೆಚ್ಚುಕಡಿಮೆ ಹೀಗೇ. ಯಾರಿಗಾದರೂ ಬಂತೆಂದರೆ ಬಾಯಿಬಿಟ್ಟು ಹೇಳದೆ ತಮ್ಮ ಕೊರಳನ್ನೋ ಕಂಕುಳನ್ನೋ ಬೆರಳಿನಿಂದ ತೋರಿಸಿ ಸುಮ್ಮನಾಗುತ್ತಿದ್ದರು. ಹೆಸರು ಹಿಡಿದರೆ ಕರೆದಂತೆ, ಕರೆದರೆ ಬಂದಂತೆ ಎಂಬ ಭಯ.

ಸರ್ಕಾರದವರು ಸೂಜಿ ಹಾಕಲು ಬಂದಾಗ ಅಪ್ಪ ತೋಳು ಒಡ್ಡಿದರು. ನಾನು ಅನಂತಪುರದಲ್ಲೇ ಹಾಕಿಸಿಕೊಂಡಿದ್ದೆ. ದೊಡ್ಡವ್ವ ಮಾತ್ರ ಸೂಜಿಯವರ ಗಾಡಿ ಕಂಡೊಡನೆ ಬಾಳೆತೋಟ ಹೊಕ್ಕವಳು, ಗಾಡಿ ತಿರುಗಿ ಹೋದ ಮೇಲೆಯೇ ಹೊರಬಂದಳು. ಕೇಳಿದರೆ, "ಬಾಳಿಎಲಿ ಕೊಯ್ಯಾಕ ಹೋಗಿದ್ದೆ," ಅಂದಳು. ಕೈಯಲ್ಲಿ ಒಂದು ಎಲೆಯೂ ಇರಲಿಲ್ಲ. ಮುಂದೆ ನಡೆದದ್ದನ್ನು ನೆನೆಯುವಾಗಲೆಲ್ಲ ಆ ಖಾಲಿ ಕೈ ನನ್ನ ಕಣ್ಣ ಮುಂದೆ ಬರುತ್ತದೆ.

ಇನ್ನು ತೌಡಿ. ಅಂಗಡಿಯ ತೌಡಿನ ಚೀಲದಲ್ಲಿ ಹುಟ್ಟಿದ ಬೆಕ್ಕು, ಮೈಬಣ್ಣವೂ ತೌಡಿನದೇ. ತಾಯಿ ಬೆಕ್ಕು ಬಿಟ್ಟುಹೋದ ಮರಿಯನ್ನು ದೊಡ್ಡವ್ವ ಬತ್ತಿಯಿಂದ ಹಾಲು ಹಿಂಡಿ ಬದುಕಿಸಿದ್ದಳು. ಬಂದ ಗಿರಾಕಿಗಳೆಲ್ಲ ಚಂದ ಚಂದ ಎನ್ನುತ್ತಾರೆಂದು ದೃಷ್ಟಿ ತಾಗದಿರಲು ಕೊರಳಿಗೆ ಒಂದು ಕವಡೆಯನ್ನೂ ಕಟ್ಟಿದ್ದಳು. ಮಳೆಗಾಲದಲ್ಲಿ ಒಂದು ದಿನ ಆ ಕವಡೆ ಅಂಗಳದಲ್ಲಿ ಸಿಕ್ಕಿತು. "ದೃಷ್ಟಿ ಕಳಚಿ ಬಿತ್ತು ಬಿಡು," ಎಂದು ದೊಡ್ಡವ್ವ ಅದನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಊರು ಬಿಡುವಾಗ ಎಲ್ಲರೂ ಪೆಟ್ಟಿಗೆ ಪಟ್ಟಿ ಹೇರಿದರೆ, ದೊಡ್ಡವ್ವ ಬುಟ್ಟಿಯಲ್ಲಿ ತೌಡಿಯನ್ನು ಇಟ್ಟುಕೊಂಡು ಗಾಡಿ ಹತ್ತಿದ್ದಳಂತೆ.

ನಾನು ಬಂದು ಕೆಲವು ದಿನಗಳಾಗಿರಬೇಕು. ತೌಡಿ ಹಾಲು ಬಿಟ್ಟಿತು. ಮೂಲೆ ಹಿಡಿದು ಕೂತಿತು. ಬಾಯಿಂದ ಜೊಲ್ಲು ಸೋರುತ್ತಿತ್ತು, ಹತ್ತಿರ ಹೋದರೆ ಕೆಟ್ಟ ವಾಸನೆ. ಒಂದು ಬೆಳಿಗ್ಗೆ ಬಿಸಿಲಿಗೆ ಬಂದು ಮಲಗಿದಾಗ ಕೊಟ್ರಪ್ಪನ ಹೆಂಡತಿ ಅದರ ಮುಖ ನೋಡಿದರು. ಕೈಯಲ್ಲಿದ್ದ ಕೊಡ ಕೆಳಗೆ ಬಿತ್ತು. ತಮ್ಮ ಕೊರಳಿಗೆ ಬೆರಳು ಮುಟ್ಟಿಸಿ ತೋರಿಸಿದರು, ಅಷ್ಟೇ. ಮಂಟಪವೆಲ್ಲ ಹಿಂದಕ್ಕೆ ಸರಿಯಿತು.

ನಾನೂ ನೋಡಿದೆ. ತೌಡಿಯ ಮುಖ ಊದಿ ಎರಡರಷ್ಟಾಗಿತ್ತು. ದವಡೆಯ ಕೆಳಗೆ ದಪ್ಪಗೆ ಬಾತಿತ್ತು.

ಕೊಟ್ರಪ್ಪ ಸೀರೆಯ ಮರೆಯಿಂದಲೇ ಮಾತಾಡಿದ. "ಹಂಪವ್ವಾರ, ನಾವು ಮಕ್ಕಳು ಮರಿ ಕಟ್ಟಿಕೊಂಡು ಇಲ್ಲಿಗೆ ಬಂದದ್ದು ಉಳಿಯಾಕ, ಸಾಯಾಕಲ್ಲ. ಅದನ್ನ ಗೋಣಿಚೀಲದಾಗ ಹಾಕಿ ಹೊಳಿಗೆ ಬಿಡ್ರಿ."

"ಕಂಪ್ಲಿಯಿಂದ ನಿನ್ನ ಬೆಲ್ಲದ ಗಾಡ್ಯಾಗ ಎಷ್ಟು ಇಲಿ ಕುಂತು ಬಂದ್ವೋ," ಅಂದಳು ದೊಡ್ಡವ್ವ. "ಒಂದನ್ನರ ಹೊಳಿಗೆ ಬಿಟ್ಟೀಯೇನು, ಕೊಟ್ರಪ್ಪಾ?"

"ಮಾತಿಗೆ ಮಾತು ಬ್ಯಾಡ್ರಿ. ಜಲ್ದಿ ಏನರ ಮಾಡ್ರಿ. ಇಲ್ಲಂದ್ರ ನಾನು ಹೋಗಿ ಪ್ಲೇಗಿನ ಸಾಹೇಬರಿಗೆ ಹೇಳೇ ಬಿಡ್ತೀನಿ."

ದೊಡ್ಡವ್ವ ಅಪ್ಪನ ಕಡೆ ತಿರುಗಿದಳು. "ಬಳ್ಳಾರಿಯಾಗ ದನದ ಡಾಕ್ಟರು ಅದಾನಂತಲ್ಲ?"

ಅಪ್ಪ ನೆಲ ನೋಡಿದರು. "ಅತ್ತಿಗೆವ್ವಾ, ಹೋದ ಬ್ಯಾಸಗಿಯಾಗ ಎತ್ತು ಬಿದ್ದಾಗ ಅವನ್ನ ಕರಸಾಕ ನನ್ನ ಕೈಲೆ ಆಗಲಿಲ್ಲ. ಅವನ ಫೀಜು, ಗಾಡಿ, ಅವನ ಊಟ ಉಪಚಾರ... ಈಗ ಅಂಗಡಿ ಬಾಗಿಲ ಹಾಕಿ ಕುಂತೀವಿ. ಬೆಕ್ಕಿಗೆ ಎಲ್ಲಿಂದ ತರಲಿ?"

"ಯಾಕ್ರಿ, ಸಂಡೂರು ಅರಮನಿಯಾಗ ಕುದುರಿ ಡಾಕ್ಟರು ಅದಾನ," ಎಂದ ಕೊಟ್ರಪ್ಪ. "ಪಲ್ಲಕ್ಕಿ ಕಳಸ್ರಿ, ಬರ್ತಾನ."

"ಕುದುರಿ ನಿಂತಲ್ಲೇ ಹಾಕತೈತಿ. ನನ್ನ ತೌಡಿ ಮಾಡಿದ್ದನ್ನ ಮಣ್ಣಾಗ ಮುಚ್ಚತಾಳ," ಅಂದಳು ದೊಡ್ಡವ್ವ. "ಡಾಕ್ಟರ್ ಯಾರಿಗೆ ಮೊದಲು ಬರಬೇಕು, ನೀನ ಹೇಳು."

ಅಷ್ಟು ಅಂದು ಅವಳು ಮಾಡಿದ್ದನ್ನು ನಾನು ಇವತ್ತಿಗೂ ಮತ್ತೆ ಮತ್ತೆ ಕಾಣುತ್ತೇನೆ. ನೇರ ಹೋಗಿ ತೌಡಿಯನ್ನು ಎತ್ತಿ, ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡಳು. ಇಲಿಯ ಮೈಯ ಚಿಗಟ ಬೆಕ್ಕಿಗೆ ಹತ್ತುತ್ತದೆ, ಬೆಕ್ಕಿನದು ಮನುಷ್ಯನಿಗೆ ಹತ್ತುತ್ತದೆ ಎಂದು ನಾನು ಓದಿದ್ದೆ. ಸೂಜಿ ಹಾಕಿಸಿಕೊಳ್ಳದ ಮೈ ಅವಳದು. "ದೊಡ್ಡವ್ವಾ, ಬ್ಯಾಡ!" ಎಂದು ಕೂಗಿದ ನೆನಪು, ಕೂಗು ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ.

"ಯಾರಿಗೂ ತ್ರಾಸ ಬ್ಯಾಡ," ಅಂದಳು. "ನಾನು ಆ ಕಡಿ ಇರ್ತೀನಿ. ಹಿಟ್ಟು ಹಾಲು ಕಲ್ಲಿನ ಮ್ಯಾಲ ಇಟ್ಟು ಸರೀರಿ." ಕಾಲುವೆಗೆ ಅಡ್ಡ ಹಾಕಿದ್ದ ಚಪ್ಪಡಿ ದಾಟಿ ಆ ಪುಟ್ಟ ಮಂಟಪಕ್ಕೆ ಹೋಗಿ, ಕಲ್ಲು ಹೂಡಿ ಒಲೆ ಮಾಡಿ, ಬೇವಿನ ಸೊಪ್ಪು ಹೊಗೆ ಹಾಕಿ ಕೂತುಬಿಟ್ಟಳು. ಗೈಡು ತೋರಿಸಿದ ಮಸಿ ಅದೇ.

ಈಚೆ ದಂಡೆಯಲ್ಲಿ ನಾನು, ಆಚೆ ಅವಳು. ನಡುವೆ ಮೊಣಕಾಲುದ್ದ ನೀರು. ಚಪ್ಪಡಿ ದಾಟಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ನಾನು ಕಲ್ಲಿನ ಮೇಲೆ ಹಾಲು ಇಟ್ಟು ಹಿಂದೆ ಸರಿದರೆ ಅವಳು ಬಂದು ಒಯ್ಯುತ್ತಿದ್ದಳು. ದಿನವೆಲ್ಲ ಕೂಗಿ ಮಾತಾಡುತ್ತಿದ್ದೆವು.

"ಕುಡೀತೇನು?"

"ಇಲ್ಲಲೇ. ನುಂಗಾಕ ಆಗವಲ್ದು. ಬಾಯಾಗಿಂದ ಹಂಗ ಹೊರಗ ಬರ್ತೈತಿ."

"ಅದರ ಕೊರಳು ಮುಟ್ಟಬ್ಯಾಡ, ದೊಡ್ಡವ್ವ!"

"ಮುಟ್ಟಂಗಿಲ್ಲ ಅಂದ್ನೆಲ್ಲ. ತಲಿ ಅಷ್ಟ ಸವರ್ತೀನಿ."

ನಿಜಕ್ಕೂ ಅವಳು ಕೊರಳು ಮುಟ್ಟಿರಲಿಲ್ಲ. ಅಷ್ಟು ಧೈರ್ಯದ ಹೆಂಗಸು, ಬೆಕ್ಕನ್ನು ಎದೆಗೆ ಒತ್ತಿಕೊಂಡವಳು, ಆ ಒಂದು ಜಾಗವನ್ನು ಮಾತ್ರ ಮುಟ್ಟಲಾರದೆ ಇದ್ದಳು. ಹೆಸರೇ ಹಿಡಿಯದ್ದನ್ನು ಮುಟ್ಟುವುದು ಹೇಗೆ?

ಒಂದು ಮಧ್ಯಾಹ್ನ ನಾನು ಹಾಲು ಇಟ್ಟು ಕೂಗಿದೆ. ಉತ್ತರವಿಲ್ಲ. ದೊಡ್ಡವ್ವ ಕಂಬಕ್ಕೆ ಒರಗಿದ್ದಳು, ತಲೆ ಪಕ್ಕಕ್ಕೆ ವಾಲಿತ್ತು, ಬಾಯಿ ಅರ್ಧ ತೆರೆದಿತ್ತು. ಮತ್ತೆ ಕೂಗಿದೆ. ಅಲುಗಲಿಲ್ಲ. ಮಾತು ಕೊಟ್ಟದ್ದು, ಓದಿದ್ದು, ಎಲ್ಲ ಮರೆತುಹೋಯಿತು. ಚಪ್ಪಡಿ ಹುಡುಕಲೂ ಇಲ್ಲ. ನೀರಿಗೇ ಇಳಿದು ಓಡಿದೆ.

ನೀರಿನ ಸದ್ದಿಗೆ ಅವಳು ಕಣ್ಣುಬಿಟ್ಟಳು. "ಯಾಕಲೇ ಬಂದಿ? ನಿದ್ದಿ ಹತ್ತಿತ್ತು ಹಾಳಾದ್ದು. ಸರಿ ದೂರ!"

ಅಲ್ಲೇ ನೆಲಕ್ಕೆ ಕೂತೆ. ಹಾಗೆ ಕೂತಾಗ ತೌಡಿ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಅಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ. ಮುಖ ಊದಿತ್ತು, ಕೆನ್ನೆ ಊದಿತ್ತು, ದವಡೆ ಊದಿತ್ತು. ಆದರೆ ಊತ ಕೊರಳಿನ ಸುತ್ತ ಒಂದು ಕಡೆಗೆ ಬಂದು ಗೆರೆ ಎಳೆದಂತೆ ನಿಂತುಬಿಟ್ಟಿತ್ತು. ಗೆರೆಯ ಕೆಳಗೆ ಭುಜದ ಎಲುಬು ಎದ್ದು ಕಾಣುತ್ತಿತ್ತು. ಬೇನೆಯ ಬಾವು ಒಂದು ಕಡೆ ಉಂಡೆಯಾಗಿ ಏಳುತ್ತದೆ ಎಂದು ಓದಿದ್ದೆ. ಇದು ಉಂಡೆಯಲ್ಲ. ಹುಟ್ಟಿದಾಗಿನಿಂದ ನಾನು ಅಂಗಡಿಯಲ್ಲಿ ನೋಡಿದ್ದ ಆಕಾರ ಇದು. ಬಾಯಿ ಕಟ್ಟಿದ ಚೀಲ.

"ದೊಡ್ಡವ್ವಾ, ಅದರ ಕೊರಳು ಮುಟ್ಟಿ ನೋಡು," ಅಂದೆ.

"ನೀನ ಬ್ಯಾಡ ಅಂದಿ?"

"ಈಗ ನಾನ ಹೇಳಾಕತ್ತೀನಿ. ಮುಟ್ಟು."

ಅವಳು ಕಣ್ಣು ಮುಚ್ಚಿ, ಶಿವಶಿವಾ ಎನ್ನುತ್ತಾ, ಕೂದಲಿನೊಳಗೆ ಬೆರಳು ಇಳಿಸಿದಳು. ಬೆರಳು ಮೆಲ್ಲಗೆ ಕೊರಳು ಸುತ್ತಿ ಬಂತು. ಒಂದು ಕಡೆ ನಿಂತಿತು. ಮುಖದ ಬಣ್ಣ ಹೋಯಿತು.

"ಲೇ ಪಂಪಾ," ಅಂದಳು. "ಗಂಟು."

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದ ಮಾತು. ನಾನು ಹೇಳಿದ್ದಕ್ಕೇ ಮುಟ್ಟಿದಳಲ್ಲ ಎಂದುಕೊಂಡೆ. ಅವಳ ಬೆರಳು ಮಾತ್ರ ಇನ್ನೂ ಅಲ್ಲೇ ತಡಕಾಡುತ್ತಿತ್ತು. ನೋಡುತ್ತಿದ್ದಂತೆ ಅವಳ ಹುಬ್ಬು ಗಂಟಿಕ್ಕಿತು, ಸಡಿಲಾಯಿತು, ಕಣ್ಣು ತೆರೆಯಿತು.

"ಗಂಟಂದ್ರ ಗಂಟಲೇ! ಹುರಿದು! ಚೀಲದ ಹುರಿದು! ನಾನ ಹಾಕಿದ ಗಂಟು!"

ಕಾಲುವೆಯ ಆಚೆಗೂ ಕೇಳುವಂತೆ ಕೂಗಿದಳು. ಕೂಗಿ, ನಕ್ಕು, ನಗುತ್ತಲೇ ಅತ್ತಳು.

ಕವಡೆ ಕಟ್ಟಲು ಅವಳು ಬಳಸಿದ್ದು ಚೀಲ ಹೊಲಿಯುವ ಹುರಿ. ದೀಪದ ಮಸಿ ಸವರಿ ಕಪ್ಪು ಮಾಡಿ, ನಮ್ಮ ಅಂಗಡಿಯ ಪದ್ಧತಿಯಲ್ಲೇ ಕಟ್ಟಿದ್ದಳು. ಹುಬ್ಬಳ್ಳಿ ಮುಟ್ಟುವವರೆಗೂ ಚೀಲದ ಬಾಯಿ ಬಿಚ್ಚದ ಕಟ್ಟು ಅದು. ಕವಡೆ ಕಳಚಿ ಬಿದ್ದಾಗ ಹುರಿಯೂ ಬಿತ್ತೆಂದುಕೊಂಡೆವು. ತೂತಿನ ಅಂಚು ಒಡೆದು ಕವಡೆಯಷ್ಟೇ ಬಿದ್ದಿತ್ತು, ಹುರಿ ಬಿದ್ದಿರಲಿಲ್ಲ. ಮರಿ ಬೆಳೆಯಿತು, ಹುರಿ ಬೆಳೆಯಲಿಲ್ಲ. ಚರ್ಮ ಕೊಯ್ದು ಒಳಗೆ ಇಳಿಯಿತು, ಮೇಲೆ ಚರ್ಮ ಕೂಡಿತು, ಕೂದಲು ಮುಚ್ಚಿತು. ಗಂಟು ಎಂದು ಯಾರೂ ಬಾಯಿಬಿಡದ ಊರಿನಲ್ಲಿ ಗಂಟೇ ಇದೆ ಎಂದು ಯಾರಿಗೆ ಹೊಳೆಯಬೇಕು?

ಕಂಡುಹಿಡಿದದ್ದೇನೋ ಆಯಿತು. ಈಗ ಅದನ್ನು ತೆಗೆಯಬೇಕು. ಪರೀಕ್ಷೆ ಹತ್ತಿರವೆಂದು ನಾನು ಕಪ್ಪೆ ಕೊಯ್ಯುವ ಪೆಟ್ಟಿಗೆಯನ್ನು ಟ್ರಂಕಿನಲ್ಲಿ ತಂದಿದ್ದೆ. ಸಣ್ಣ ಕತ್ತರಿ, ಚಿಮಟ, ಚೂರಿ. ಅವುಗಳಿಂದ ಅದುವರೆಗೆ ನಾನು ಕೊಯ್ದದ್ದೆಲ್ಲ ಸತ್ತದ್ದನ್ನೇ.

ಓಡಿಹೋಗಿ ಪೆಟ್ಟಿಗೆ ತೆಗೆಯುವಾಗ ಮಂಟಪವೆಲ್ಲ ಸುತ್ತ ನಿಂತಿತು. "ಏನಂತ?" ಎಂದ ಕೊಟ್ರಪ್ಪ.

"ಗಂಟು ಅಂತ್ರಿ. ಹುರಿ ಗಂಟು."

"ಹುಡುಗಗ ತಲಿ ಕೆಟ್ಟೈತಿ. ಅದನ್ನ ಕೊಯ್ದರ ವಿಷ ಗಾಳಿಗೆ ಹಾರತೈತ್ರಿ! ಹಿಡೀರಿ ಅವನ್ನ!"

ಯಾರೂ ಹಿಡಿಯಲಿಲ್ಲ, ಮುಟ್ಟಲು ಅವರಿಗೆ ಹೆದರಿಕೆ. ಅಪ್ಪ ಮಾತ್ರ ನನ್ನ ಮುಖವನ್ನೇ ನೋಡಿದರು. "ಖರೇನಾ?" ಅಂದರು. "ದೊಡ್ಡವ್ವನ ಕೈಗೆ ಸಿಕ್ಕೈತಿ," ಅಂದೆ. ಅವರು ಮೂಲೆಯಲ್ಲಿದ್ದ ಖಾಲಿ ಗೋಣಿಚೀಲ ಹೆಗಲಿಗೆ ಹಾಕಿಕೊಂಡು, ನನಗಿಂತ ಮುಂದೆ ಚಪ್ಪಡಿ ದಾಟಿದರು.

ಕುಡಿಯುವ ನೀರಿಗೆ ಹಾಕಲು ಸರ್ಕಾರದವರು ಕೊಟ್ಟಿದ್ದ ಕೆಂಪು ಹರಳು ಇತ್ತು; ಅದನ್ನು ಕುದಿಸಿದ ನೀರಿಗೆ ಹಾಕಿದೆ. ಕತ್ತರಿ ಚಿಮಟ ಕುದಿಸಿದೆ. ಅಪ್ಪ ತೌಡಿಯನ್ನು ಗೋಣಿಯಲ್ಲಿ ಸುತ್ತಿ ತಲೆ ಮಾತ್ರ ಹೊರಗೆ ಬಿಟ್ಟರು. ಹೊಳೆಗೆ ಎಸೆಯಲೆಂದು ಕೊಟ್ರಪ್ಪ ಹೇಳಿದ್ದೂ ಗೋಣಿಚೀಲವನ್ನೇ. ದೊಡ್ಡವ್ವ ಮುಂಗಾಲು ಹಿಡಿದಳು. ನಾನು ಕೂದಲು ಕತ್ತರಿಸಿದೆ. ಕೂದಲು ಹೋದ ಮೇಲೆ ಕಂಡದ್ದು ಕೊರಳನ್ನು ಸುತ್ತಿದ ಕೆಂಪು ಕಾಲುವೆ. ಅದರ ತಳದಲ್ಲಿ ಎಲ್ಲೋ ಹುರಿ.

ಬಿಸಿ ನೀರು ಹಾಕಿ ಹಾಕಿ ತೊಳೆದೆ. ಒಂದು ಕಡೆ ಕಪ್ಪು ಎಳೆ ಕಂಡಿತು. ಚಿಮಟದ ತುದಿಯಿಂದ ಎತ್ತಿದರೆ ಕೂದಲೆಳೆಯಷ್ಟೇ ಸಡಿಲ. ಅದರ ಕೆಳಗೇ ರಕ್ತನಾಳ ಮಿಡಿಯುವುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಹುರಿಯ ಬದಲು ಅದು ಕತ್ತರಿಗೆ ಸಿಕ್ಕರೆ ಬೆಕ್ಕು ನಮ್ಮ ಕೈಯಲ್ಲೇ ಮುಗಿಯಿತು. ಕಪ್ಪೆಯ ಪಾಠದಲ್ಲಿ ಮಿಡಿಯುವುದೇನೂ ಇರಲಿಲ್ಲ. ಕತ್ತರಿಯನ್ನು ಹಿಂದಕ್ಕೆ ತೆಗೆದೆ.

"ಚೀಲ ಬಿಚ್ಚಾಕತ್ತೀ ಅಂತ ತಿಳಕೋ," ಅಂದರು ಅಪ್ಪ, ಮೆಲ್ಲಗೆ. "ಕಾಳು ಚೆಲ್ಲಬಾರದು, ಅಷ್ಟ."

ಮತ್ತೆ ಬಾಗಿದೆ. ಕತ್ತರಿಯ ಮೊಂಡು ತುದಿಯನ್ನು ಒಳಗೆ ಸರಿಸಿ, ಉಸಿರು ಹಿಡಿದು, ಒತ್ತಿದೆ. ಟಕ್ ಎಂದಿತು. ಅದಕ್ಕಿಂತ ಸಣ್ಣ ಸದ್ದು ನಾನು ಕೇಳಿಲ್ಲ. ಅದಕ್ಕಿಂತ ದೊಡ್ಡದನ್ನೂ ಕೇಳಿಲ್ಲ. ಚಿಮಟದಿಂದ ಎಳೆದರೆ ಹುರಿ ಸುತ್ತು ಸುತ್ತಾಗಿ ಬಂತು, ಕೊನೆಗೆ ಗಂಟು. ಅದರ ಹಿಂದೆಯೇ ಕೀವು ಚಿಮ್ಮಿತು. ತೌಡಿ ಒದ್ದಾಡಿ ಒಂದು ಕಾಲು ಬಿಡಿಸಿಕೊಂಡು ದೊಡ್ಡವ್ವನ ಮುಂಗೈಯನ್ನು ಪರಪರನೆ ಪರಚಿತು. ರಕ್ತ ಬಂದರೂ ಅವಳು ಕೈ ಬಿಡಲಿಲ್ಲ. ಆಮೇಲೆ ಬೆಕ್ಕು ಬಾಯಿ ತೆರೆದು ಒಂದು ದೊಡ್ಡ ಉಸಿರು ಎಳೆದುಕೊಂಡಿತು. ನಾವು ಮೂವರೂ ಅದರ ಜೊತೆ ಉಸಿರು ಎಳೆದುಕೊಂಡೆವು.

ಗಾಯಕ್ಕೆ ಸಂಡೂರಿನ ಕಾಡಿನ ಜೇನುತುಪ್ಪ ಸವರಿದಳು ದೊಡ್ಡವ್ವ. ಪೆನ್ನಿಗೆ ಶಾಯಿ ತುಂಬುವ ಗಾಜಿನ ಫಿಲ್ಲರಿನಿಂದ ಹನಿ ಹನಿಯಾಗಿ ಹಾಲು ಬಿಟ್ಟೆ. ಹಾಲು ಹೊರಗೆ ಬರಲಿಲ್ಲ. ಕೊರಳಿನಲ್ಲಿ ಇಳಿಯುವುದು ಕಣ್ಣಿಗೆ ಕಂಡಿತು. ಗಾಯ ಮಾಯುವವರೆಗೆ ನಾನೂ ದೊಡ್ಡವ್ವನ ಜೊತೆ ಆಚೆಯೇ ಉಳಿದೆ; ಅಪ್ಪ ಈಚೆಗೆ ಹೋಗಿ ಹಾಲು ಹಿಟ್ಟು ತಂದು ಕಲ್ಲಿನ ಮೇಲೆ ಇಡುತ್ತಿದ್ದರು.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮುಗಿದಿರಲಿಲ್ಲ. ಒಂದೆರಡು ದಿನ ಕಳೆದ ಮೇಲೆ ದೊಡ್ಡವ್ವ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ನಿಂತು, "ಪಂಪಾ, ಕಂಕುಳಾಗ ನೋಯಾಕತ್ತೈತಿ," ಅಂದಳು. ಪರಚಿದ ಕೈಯ ಕಡೆಯ ಕಂಕುಳು. ಮುಟ್ಟಿ ನೋಡಿದೆ. ಹುಣಸೆ ಬೀಜದಷ್ಟು ಬಾವು. ಮೈ ಬೆಚ್ಚಗಿತ್ತು.

ನನ್ನ ತಾಯಿಗೂ ಎದ್ದದ್ದು ಅಲ್ಲೇ.

ಕೈಯ ಗಾಯ ಕೆಟ್ಟರೂ ಕಂಕುಳು ಬಾಯುತ್ತದೆ ಎಂದು ಪುಸ್ತಕದಲ್ಲಿತ್ತು. ಆ ವಾಕ್ಯವನ್ನು ಎಷ್ಟು ಸಲ ಮನಸ್ಸಿನಲ್ಲಿ ಓದಿಕೊಂಡೆನೋ. ಎರಡು ಬಾವುಗಳಲ್ಲಿ ಇದು ಯಾವುದೆಂದು ಹೇಳುವ ವಾಕ್ಯ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೈಯ ಗಾಯವನ್ನು ಕೆಂಪು ನೀರಿನಲ್ಲಿ ತೊಳೆದು, ಬಿಸಿ ಅಕ್ಕಿಹಿಟ್ಟು ಕಟ್ಟಿ, ಅವಳ ಪಕ್ಕದಲ್ಲೇ ಕೂತು, ಗಳಿಗೆಗೊಮ್ಮೆ ನನ್ನ ದವಡೆಯ ಕೆಳಗೂ ಒತ್ತಿ ನೋಡಿಕೊಂಡೆ. ಅವಳೇ ನನಗೆ ಧೈರ್ಯ ಹೇಳಿದಳು. "ಬೆಕ್ಕು ಉಳಿಸಿದಾಂವ ನೀನು. ನಾನೇನು ಬೆಕ್ಕಿಗಿಂತ ಕಡಿಮಿಯೇನಲೇ?" ನಾನು ನಗಲಿಲ್ಲ. ಇವತ್ತಿಗೂ ಬೇವಿನ ಹೊಗೆ ಬಂದಾಗ ನನ್ನ ಕೈ ದವಡೆಗೆ ಹೋಗುತ್ತದಲ್ಲ, ಅದು ಬೆಕ್ಕಿನ ದಿನಗಳದಲ್ಲ, ಆ ದಿನಗಳದು.

ಮುಂಗೈಯ ಗಾಯ ಒಡೆದು ಕೀವು ಹೋಯಿತು. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದರೆ ಹುಣಸೆ ಬೀಜ ಜೋಳದ ಕಾಳಾಗಿತ್ತು. ಆಮೇಲೆ ಅದೂ ಇಲ್ಲ. ಸುದ್ದಿ ಹೇಳಿದಾಗ ಅಪ್ಪ ಈಚೆ ದಂಡೆಯಲ್ಲಿ ನಿಂತು ಮುಖಕ್ಕೆ ನೀರು ಹಾಕಿಕೊಂಡರು, ತೊಳೆದುಕೊಂಡರು, ಮತ್ತೆ ಹಾಕಿಕೊಂಡರು.

ಆಮೇಲೆ ಎಲ್ಲ ಹಬ್ಬ. ತೌಡಿಯ ಮುಖದ ಊತ ಇಳಿದು, ದೊಡ್ಡ ಕಣ್ಣಿನ, ಚೂಪು ಗಲ್ಲದ ಹಳೆಯ ತೌಡಿ ಹೊರಬಂತು. ಹಾಲು ಸಾಲದಾಯಿತು. ಹೊಳೆಯಲ್ಲಿ ಹರಗೋಲು ಹಾಕುವ ಹುಲುಗಪ್ಪ ಈ ಕಥೆ ಕೇಳಿ ಎಲೆಯಲ್ಲಿ ಸಣ್ಣ ಮೀನು ಸುತ್ತಿಕೊಂಡು ಬಂದ. ಕೊರಳಲ್ಲಿ ಲಿಂಗ ಕಟ್ಟಿದ ದೊಡ್ಡವ್ವನ ಮುಂದೆ ಅದನ್ನು ಬಿಚ್ಚುವುದು ಹೇಗೆಂದು ಸಂಕೋಚದಿಂದ ನಿಂತ.

ದೊಡ್ಡವ್ವ ಗೋಡೆಯ ಕಡೆ ತಿರುಗಿ ಕೂತಳು. "ನಾನು ಈಗ ಪೂಜಿಗೆ ಕುಂತೀನಿ. ನನ್ನ ಬೆನ್ನ ಹಿಂದ ಯಾರು ಏನು ತಿಂತಾರ ನನಗ ಗೊತ್ತಾಗಂಗಿಲ್ಲ." ಸ್ವಲ್ಪ ತಡೆದು, "ಮುಳ್ಳು ತೆಗೆದು ಹಾಕು, ಹುಲುಗಪ್ಪಾ," ಅಂದಳು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ತೌಡಿ ತಾನೇ ಎದ್ದು, ಬಾಲ ನೆಟ್ಟಗೆ ಮೇಲಕ್ಕೆತ್ತಿ, ಚಪ್ಪಡಿ ದಾಟಿ ದೊಡ್ಡ ಮಂಟಪಕ್ಕೆ ಹೋಯಿತು. ಕೊರಳ ಸುತ್ತ ಕೂದಲಿಲ್ಲದ ಪಟ್ಟಿ, ಸರ ಹಾಕಿದಂತೆ. ಸೀರೆಗಳ ನಡುವೆ ಮೆರವಣಿಗೆ ಹೊರಟಂತೆ ನಡೆದು, ಕೊಟ್ರಪ್ಪನ ಹಾಸಿಗೆ ಹತ್ತಿ, ಒಂದು ಸುತ್ತು ಸುತ್ತಿ, ಅವನ ತಲೆದಿಂಬಿನ ಮೇಲೆ ಕೂತು ಮುಖ ತೊಳೆಯತೊಡಗಿತು. ಕೊಟ್ರಪ್ಪ ಕಂಬಕ್ಕೆ ಅಂಟಿ ನಿಂತ. ಮೊದಲು ನಕ್ಕವರು ಅವನ ಹೆಂಡತಿ. ಆಮೇಲೆ ಮಂಟಪವೆಲ್ಲ ನಕ್ಕಿತು. ಆ ಚಳಿಗಾಲದಲ್ಲಿ ನಾವೆಲ್ಲ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ರಜೆ ಮುಗಿದು ನಾನು ಅನಂತಪುರಕ್ಕೆ ಹೋಗಿ, ಪರೀಕ್ಷೆ ಬರೆದು ಬರುವಷ್ಟರಲ್ಲಿ ಬಿಸಿಲು ಬಲಿತು ಬೇನೆ ಇಳಿದಿತ್ತು. ಊರಿಗೆ ಹೋಗಬಹುದೆಂದು ಡಂಗುರ ಸಾರಿದರು. ಗಾಡಿಗಳು ಓಣಿಗೆ ಬಂದು ನಿಂತವು. ಆದರೆ ಬೀಗ ತೆಗೆದರೂ ಯಾರೂ ಹೊಸ್ತಿಲು ದಾಟಲಿಲ್ಲ. ಒಳಗಿನ ಕತ್ತಲೆ ನೋಡುತ್ತಾ ಎಲ್ಲರೂ ಬಾಗಿಲಲ್ಲೇ ನಿಂತರು. ಮೊದಲು ಒಳಗೆ ಹೋಗುವವರು ಯಾರು?

ದೊಡ್ಡವ್ವ ಬುಟ್ಟಿ ಇಳಿಸಿ ಮುಚ್ಚಳ ತೆಗೆದಳು. ತೌಡಿ ಮೂಗು ಎತ್ತಿ ಗಾಳಿ ಮೂಸಿತು. ಹಾರಿ ಹೊಸ್ತಿಲ ಮೇಲೆ ನಿಂತಿತು. ಸೀದಾ ಒಳಗೆ ಹೋಗಿ, ಮೂಲೆ ಮೂಲೆ ತಿರುಗಿ, ಹೊರಗೆ ಬಂದು ನಮ್ಮನ್ನು ನೋಡಿ, ಯಾಕೆ ನಿಂತಿದ್ದೀರಿ ಎಂಬಂತೆ ಒಂದು ಸಲ ಕೂಗಿತು.

"ನಡೀರಿ. ಆಕಿ ಹೇಳಿದ ಮ್ಯಾಲ ಮುಗೀತು," ಎಂದು ದೊಡ್ಡವ್ವ ಬಲಗಾಲು ಇಟ್ಟಳು.

ಹಾಲು ಉಕ್ಕಿಸುತ್ತಿರುವಾಗ ಬಾಗಿಲಲ್ಲಿ ಕೆಮ್ಮಿದ ಸದ್ದು. ಕೊಟ್ರಪ್ಪ. ಕೈಯಲ್ಲಿ ಕಂಪ್ಲಿ ಬೆಲ್ಲದ ಅಚ್ಚು. ಹಿಂದೆ ಅವನ ಹೆಂಡತಿ.

"ಹಂಪವ್ವಾರ... ನಿಮ್ಮ ಬೆಕ್ಕನ್ನ ಒಂದೀಟು ನಮ್ಮನಿಗೂ ಕಳಸ್ರಲ್ಲ. ಮುಂದ ಹೊಕ್ಕು ಬರ್ಲಿ."

"ಯಾರನ್ನ? ಹೊಳಿಗೆ ಬಿಡು ಅಂದ್ಯಲ್ಲ, ಆಕಿನ್ನೇನು?"

"ಹಿಂದಿನ ಮಾತು ಯಾಕ ಬಿಡ್ರಿ," ಎಂದು ಕೊಟ್ರಪ್ಪ ತಲೆ ಕೆರೆದುಕೊಂಡ.

"ಪಲ್ಲಕ್ಕಿ ತಂದೀಯೇನು?"

ಕೊನೆಗೆ ಕೊಟ್ರಪ್ಪನೇ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ. ಅವನ ಮನೆಯಾದ ಮೇಲೆ ಪಕ್ಕದ ಮನೆಯವರು ಕರೆದರು, ಅವರಾದ ಮೇಲೆ ಎದುರು ಮನೆಯವರು. ಸಂಜೆಯವರೆಗೆ ತೌಡಿ ಓಣಿಯ ಮನೆಮನೆ ಹೊಕ್ಕು, ಬಟ್ಟಲು ಬಟ್ಟಲು ಹಾಲು ಕುಡಿದು, ಹೊಟ್ಟೆ ನೆಲಕ್ಕೆ ತಾಗುವಂತೆ ನಡೆದು ಬಂತು. ಕೊಟ್ರಪ್ಪನ ಹೆಂಡತಿ ಭಕ್ತಿಯಿಂದ, "ಕೊರಳಿಗೆ ಒಂದು ದಾರ ಕಟ್ಟಲೇನ್ರಿ, ಎಲ್ಲಾರ ಕಣ್ಣು ಬಿದ್ದೈತಿ," ಅಂದಾಗ ದೊಡ್ಡವ್ವ ಸೌಟು ಎತ್ತಿಕೊಂಡಳು.

ಮರುದಿನ ಅಂಗಡಿ ತೆರೆದೆವು. ಅಪ್ಪ ನೆಲ ಗುಡಿಸಿ, ಸುಣ್ಣ ಬಳಿಸಿ, ಹೊಸ ಜೋಳದ ಚೀಲವೊಂದನ್ನು ತುಂಬಿ ನಿಲ್ಲಿಸಿದರು. ತೌಡಿ ಅದರ ಮೇಲೆ ಹತ್ತಲು ಹೊಂಚುತ್ತಿತ್ತು. ಅಪ್ಪ ಚೀಲದ ಬಾಯಿ ಹಿಡಿದು ನಿಂತರು. ಏನೋ ಹೇಳಲು ಬಾಯಿ ತೆರೆದರು. ಒಳಗೆ ದೊಡ್ಡವ್ವನ ಬೀಸುಕಲ್ಲಿನ ಸದ್ದು ನಿಂತಿತು, ಅವಳೂ ಕೇಳಿಸಿಕೊಳ್ಳುತ್ತಿದ್ದಳು.

"ಪಂಪಾ," ಅಂದರು ಅಪ್ಪ, ಗಂಟಲು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ. "ಹುರಿ ತಗೊಂಬಾ. ಈ ಚೀಲಕ್ಕ ಒಂದು ಗಂಟು ಹಾಕು."